ಇಂಕ್‌ಸ್ಕೇಪ್: ಕಾಫಿ ಬೀಜದ ಅಂಚು ಉಬ್ಬುತಗ್ಗಾಗಿ ಬರ್ತಿದೆ, ನಡುಗೆರೆ ಕಟಿಂಗ್‌ನಲ್ಲಿ ಸಿಗ್ತಿಲ್ಲ

ಗಿರಿಸಾಲು (ಚಿಕ್ಕಮಗಳೂರು)
ಕಾಫಿಪುಡಿ ಅಂಗಡಿಯ ಗಾಜಿಗೆ ವಿನೈಲ್ ಸ್ಟಿಕರ್, ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬಿಡಿಸೋ ಸಾಫ್ಟ್‌ವೇರ್) ಮಾಡ್ತಿದ್ದೀನಿ. ಬೀಜದ ಅಳತೆ 80 × 56 ಮಿ.ಮೀ. ಫೋಟೊ ಕೆಳಗಿಟ್ಟು ಪೆನ್ ಟೂಲ್‌ನಲ್ಲಿ ಸುತ್ತ 26 ನೋಡ್ (ಗೆರೆ ಹಾದುಹೋಗೋ ಬಿಂದು) ಹಾಕಿದ್ದೀನಿ, ಆದ್ರೂ ಅಂಚು ನುಣುಪಾಗಿಲ್ಲ. ನಡುವಿನ ಗೆರೆ ಸ್ಕ್ರೀನ್‌ನಲ್ಲಿ 4 ಮಿ.ಮೀ. ದಪ್ಪ ಇದೆ, ಪ್ಲಾಟರ್ (ವಿನೈಲ್ ಕತ್ತರಿಸೋ ಯಂತ್ರ) ಮಾತ್ರ ಒಂದು ಗೀಟು ಎಳೆದು ಬಿಡುತ್ತೆ. ನೋಡ್ ಕಮ್ಮಿ ಮಾಡೋ ಸಿಂಪ್ಲಿಫೈ, ಅಂದ್ರೆ ಕಂಟ್ರೋಲ್+ಎಲ್ ಒತ್ತಿದ್ರೆ ಸಾಕಾ?

ನೋಡ್‌ಕಮ್ಮಿ (ಹಾಸನ)
26 ನೋಡ್ ಇರೋದ್ರಿಂದಲೇ ಸರ್ ಅಂಚು ಹಾಳಾಗಿರೋದು. ಪ್ರತಿ ನೋಡ್‌ನಲ್ಲೂ ಬಾಗು ಸ್ವಲ್ಪ ಬದಲಾಗುತ್ತೆ, ಅದೇ ಉಬ್ಬುತಗ್ಗು. ಬೀಜಕ್ಕೆ ನಾಲ್ಕೇ ಸಾಕು: ತುದಿ, ಬುಡ, ಎಡ, ಬಲ. ಫೋಟೊದಲ್ಲಿ ಬೀಜ ಓರೆಯಾಗಿದ್ರೆ ಮೊದಲು ಫೋಟೊವನ್ನೇ ನೆಟ್ಟಗೆ ತಿರುಗಿಸಿ.

ಬಿ ಒತ್ತಿ, ಪೆನ್ ಟೂಲ್ ಬರುತ್ತೆ. ತುದಿಯಲ್ಲಿ ಕ್ಲಿಕ್ ಮಾಡಿ, ಮೌಸ್ ಬಿಡದೆ ಬಲಕ್ಕೆ ಎಳೀರಿ. ಕಂಟ್ರೋಲ್ ಹಿಡಿದ್ರೆ ಹ್ಯಾಂಡಲ್ (ನೋಡ್‌ನಿಂದ ಹೊರಡೋ, ಬಾಗು ತಿದ್ದೋ ಕಡ್ಡಿ) ಅಡ್ಡಕ್ಕೆ ನೆಟ್ಟಗೆ ನಿಲ್ಲುತ್ತೆ. ಬಲಬದಿಯಲ್ಲಿ ಕೆಳಕ್ಕೆ, ಬುಡದಲ್ಲಿ ಎಡಕ್ಕೆ, ಎಡಬದಿಯಲ್ಲಿ ಮೇಲಕ್ಕೆ. ಗೆರೆ ಯಾವ ಕಡೆ ಹೋಗ್ಬೇಕೋ ಆ ಕಡೆಗೇ ಎಳೀಬೇಕು, ಹಿಂದಕ್ಕೆ ಎಳೆದ್ರೆ ಗಂಟು ಬೀಳುತ್ತೆ. ತಪ್ಪಿದ ನೋಡ್ ತೆಗೆಯೋಕೆ ಬ್ಯಾಕ್‌ಸ್ಪೇಸ್.

ಹ್ಯಾಂಡಲ್ ಉದ್ದ ಅರ್ಧ ಅಳತೆಯ 0.55 ಪಾಲು. ಅಂದ್ರೆ ತುದಿ-ಬುಡದ ಹ್ಯಾಂಡಲ್ (ಅಗಲದ ಅರ್ಧ 28ಕ್ಕೆ) ಸುಮಾರು 15 ಮಿ.ಮೀ., ಪಕ್ಕದವು (ಎತ್ತರದ ಅರ್ಧ 40ಕ್ಕೆ) 22. ಅಲ್ಲಿಗೆ ಶುದ್ಧ ಅಂಡಾಕಾರ ಬರುತ್ತೆ. ಆಮೇಲೆ ಎನ್ ಒತ್ತಿ ನೋಡ್ ಟೂಲ್ ತಗೊಂಡು, ಫೋಟೊಗೆ ತಕ್ಕಂತೆ ಎಳೆದುಕೊಳ್ಳಿ.

ಮುಚ್ಚುವಾಗ ಮೊದಲ ನೋಡ್ ಮೇಲೆ ಬರೀ ಕ್ಲಿಕ್ ಮಾಡಿದ್ರೆ ಅಲ್ಲೊಂದು ಮೂಲೆ ಉಳಿಯುತ್ತೆ. ಅಲ್ಲೂ ಎಳೀರಿ, ಇಲ್ಲವೇ ಆಮೇಲೆ ಅದನ್ನ ಆರಿಸಿ ಶಿಫ್ಟ್+ಎಸ್ ಒತ್ತಿ, ಮೂಲೆ ನುಣುಪಾಗುತ್ತೆ.

ಕಂಟ್ರೋಲ್+ಎಲ್ ಇಲ್ಲಿ ಬೇಡ. ಪದೇ ಪದೇ ಒತ್ತಿದಷ್ಟೂ ಆಕಾರವೇ ಜಾರುತ್ತೆ.

ಬ್ಲೇಡ್ 45
ಗೆರೆ ವಿಷಯ: ಬ್ಲೇಡ್ ಪಾತ್ (ನೋಡ್‌ಗಳನ್ನ ಸೇರಿಸೋ, ದಪ್ಪವಿಲ್ಲದ ಗೆರೆ) ಮೇಲೆ ಓಡುತ್ತೆ, ಅದಕ್ಕೆ ಹಚ್ಚಿದ ಸ್ಟ್ರೋಕ್‌ನ ದಪ್ಪ ಬ್ಲೇಡ್‌ಗೆ ಕಾಣೋದೇ ಇಲ್ಲ. ಎಸ್ ಆಕಾರಕ್ಕೆ ಎರಡು ನೋಡ್ ಸಾಕು, ಹ್ಯಾಂಡಲ್‌ಗಳು ಒಂದು ಎಡಕ್ಕೆ ಒಂದು ಬಲಕ್ಕೆ. ಎರಡೂ ತುದಿ ಬೀಜದಿಂದ 2–3 ಮಿ.ಮೀ. ಹೊರಗೆ ಚಾಚಿರಲಿ, ಅಂಚಿಗೇ ನಿಲ್ಲಿಸಿದ್ರೆ ಕೂದಲೆಳೆಯಷ್ಟು ವಿನೈಲ್ ಉಳಿದು ಕಟಿಂಗ್‌ನವರ ಶಾಪ ನಿಮಗೆ.

ಕಂಟ್ರೋಲ್+ಡಿ ಕೊಟ್ಟು ಗೆರೆಯ ಒಂದು ಪ್ರತಿ ಪಕ್ಕಕ್ಕಿಡಿ, ಯಾಕಂದ್ರೆ ಆಮೇಲೆ ದಪ್ಪ ಬದಲಿಸೋಕೆ ಆಗಲ್ಲ. ಪಾತ್ ಮೆನುವಿನಲ್ಲಿ ಸ್ಟ್ರೋಕ್ ಟು ಪಾತ್ ಕೊಡಿ, ಗೆರೆಯ ದಪ್ಪವೇ ಒಂದು ಆಕಾರವಾಗುತ್ತೆ. ಗೆರೆ ಮೇಲೆ, ಬೀಜ ಕೆಳಗೆ ಇರೋ ಹಾಗೆ ನೋಡಿಕೊಂಡು ಎರಡನ್ನೂ ಆರಿಸಿ ಅದೇ ಮೆನುವಿನ ಡಿಫರೆನ್ಸ್ (ಮೇಲಿನದರಷ್ಟು ಕೆಳಗಿನದರಿಂದ ಕತ್ತರಿಸೋದು) ಕೊಡಿ. ಬೀಜ ಎರಡು ಹೋಳಾಗುತ್ತೆ, ನಡುವೆ 4 ಮಿ.ಮೀ. ಖಾಲಿ.

ಗಿರಿಸಾಲು
ನಾಲ್ಕು ನೋಡ್‌ಗೆ ಅಂಚು ನುಣುಪಾಯ್ತು, ಥ್ಯಾಂಕ್ಸ್. ಸ್ಟಿಕರ್ ಗಾಜಿನ ಒಳಗಡೆಯಿಂದ ಅಂಟಿಸೋದು. ಕೆಳಗೆ ಅಂಗಡಿ ಹೆಸರೂ ಇದೆ.

ಬ್ಲೇಡ್ 45
ಹಾಗಾದ್ರೆ ಅಕ್ಷರಗಳನ್ನೂ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಕೊಟ್ಟು ಪಾತ್ ಮಾಡಿ. ಒತ್ತಕ್ಷರ ಒಂದರ ಮೇಲೊಂದು ಹತ್ತಿದ್ದ ಕಡೆ ಯೂನಿಯನ್ (ಎರಡನ್ನೂ ಸೇರಿಸಿ ಒಂದೇ ಆಕಾರ ಮಾಡೋದು) ಕೊಡದಿದ್ರೆ ಬ್ಲೇಡ್ ಒಳಗೂ ಕತ್ತರಿಸುತ್ತೆ. ಕೊನೆಗೆ ಎಲ್ಲ ಆರಿಸಿ ಎಚ್ ಒತ್ತಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತೆ. ಕೊಡೋ ಮುಂಚೆ ವ್ಯೂ ಮೆನುವಿನ ಡಿಸ್‌ಪ್ಲೇ ಮೋಡ್‌ನಲ್ಲಿ ಔಟ್‌ಲೈನ್ ಹಾಕಿ ನೋಡಿ: ಅಲ್ಲಿ ಕಾಣೋ ಪ್ರತಿ ಗೆರೆಯೂ ಕಟ್ ಆಗುತ್ತೆ. ಅಂಗಡಿಯಲ್ಲಿ ಫೈಲ್ ತೆರೆದ ಮೇಲೆ ಎತ್ತರ 80 ಇದೆಯಾ ಅಂತ ಎದುರಿಗೇ ನೋಡಿಸಿಕೊಳ್ಳಿ.