ಸಹಾಯ ಬೇಕು: ಮರದಡಿ ಮಲಗಿದವನು ಸೋಮಾರಿಯೋ, ದಣಿದವನೋ?

ನಮಸ್ಕಾರ ಎಲ್ಲರಿಗೂ. ನಮ್ಮ ಚಿತ್ರಕಲೆ ತರಗತಿಯಲ್ಲಿ ಭಾನುವಾರ ನಾನು ಒಂದು ಚಿತ್ರದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಯೂರೋಪಿನ ಚಿತ್ರಕಾರ ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ 'ದಿ ಹಾರ್ವೆಸ್ಟರ್ಸ್' (ಕೊಯ್ಲುಗಾರರು) ಆರಿಸಿಕೊಂಡಿದ್ದೇನೆ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿದೆ. ನಾನು ನೋಡಿರುವುದು ಫೋನಿನಲ್ಲಿ ಮಾತ್ರ, ಜಾಸ್ತಿ ಹಿಗ್ಗಿಸಿ ಹಿಗ್ಗಿಸಿ!

ಎಡಗಡೆ ಗೋಧಿ ಕೊಯ್ಲು ನಡೆದಿದೆ. ಬಲಗಡೆ ಪೇರ್ ಮರದ ಕೆಳಗೆ ಕೆಲವರು ಕೂತು ಊಟ ಮಾಡುತ್ತಿದ್ದಾರೆ. ಪಕ್ಕದಲ್ಲೇ ಒಬ್ಬ ಕಾಲು ಅಗಲಿಸಿ ಗಡದ್ದಾಗಿ ಮಲಗಿದ್ದಾನೆ. ದೂರದಲ್ಲಿ ಮರಗಳ ನಡುವೆ ಚರ್ಚು, ಇನ್ನೂ ಆಚೆ ನೀರಿನ ಮೇಲೆ ಹಡಗುಗಳು.

ನನ್ನ ತಲೆನೋವು ಆ ಮಲಗಿದವನೇ. ಗೆಳೆಯನೊಬ್ಬ "ಅದು ಸೋಮಾರಿತನದ ಗೇಲಿ" ಅಂತಾನೆ. ನನಗೇಕೋ ಒಪ್ಪಿಗೆಯಿಲ್ಲ. ರಾಗಿ ಕೊಯ್ಲಿನ ದಿನ ನಮ್ಮಪ್ಪ ಬುತ್ತಿ ಮುಗಿಸಿ ಹೊಂಗೆ ಮರದಡಿ ಹೀಗೇ ಒರಗುತ್ತಿದ್ದರು. ಬೆಳಗಿನಿಂದ ಬಗ್ಗಿದ ಸೊಂಟ, ಅಲ್ವಾ? ಆದರೆ ಈ ಚಿತ್ರ ಬರೆಸಿದವನು ಈಗಿನ ಬೆಲ್ಜಿಯಮ್ಮಿನ ಆಂಟ್‌ವರ್ಪಿನ ಶ್ರೀಮಂತ ವ್ಯಾಪಾರಿ, ನಿಕೊಲಾಸ್ ಯೊಂಗೆಲಿಂಕ್. ಅವನ ಮನೆಯ ಗೋಡೆಗೆ ರೈತರ ಬೆವರು ಬರೀ ಚೆಂದದ ನೋಟವಾಗಿತ್ತೇ? ವರ್ಷದ ಬೇರೆ ಬೇರೆ ಕಾಲಗಳನ್ನು ತೋರಿಸುವ ಸರಣಿಯಲ್ಲಿ ಇದೂ ಒಂದು. ಅದರಲ್ಲಿ ಈಗ ಉಳಿದಿರುವುದು ಐದೇ. ಹಾಗಾಗಿ ಇದನ್ನು ಒಂಟಿಯಾಗಿ ಓದಬಹುದೋ, ಉಳಿದವುಗಳ ಜೊತೆ ಇಟ್ಟು ನೋಡಬೇಕೋ?

ಚಿತ್ರಕಲೆ ಓದಿದವರು, ಹೊಲದಲ್ಲಿ ದುಡಿದವರು, ಇಬ್ಬರೂ ಹೇಳಿ. ಶನಿವಾರ ರಾತ್ರಿಯೊಳಗೆ ಸಿಕ್ಕರೆ ಬಚಾವು.