ಅಜ್ಜಿಗೆ ಮಾಡಿದ್ದು ವ್ಯರ್ಥ ಆಗಿಲ್ಲ ಪುಟ್ಟಿ

ಹಲೋ ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ನವೆಂಬರ್ ಎರಡನೇ ತಾರೀಕು ಅಲ್ಲೇ ಬೆಂಗಳೂರಲ್ಲಿ ಸಿಮೆಟ್ರಿಗೆ ಹೋಗಿ ಅಜ್ಜಿಗೋಸ್ಕರ ಪ್ರಾರ್ಥನೆ ಮಾಡಿದೆ, ಚರ್ಚ್ ಪೂಜೇಲಿ ಪರಮಪ್ರಸಾದನೂ (ಕಮ್ಯುನಿಯನ್) ತಗೊಂಡೆ, ಪಾಪ ಹೇಳ್ಕೊಳ್ಳೋ ಪಾಪನಿವೇದನೆಗೆ ಮಾತ್ರ ಫಾದರ್ ಸಿಗಲಿಲ್ಲ, ಅಜ್ಜಿಗೆ ಸಿಗಬೇಕಾದ ಇಂಡಲ್ಜೆನ್ಸ್, ಅಂದ್ರೆ ಕ್ಷಮಿಸಿದ ಪಾಪಕ್ಕೂ ಉಳಿಯೋ ಶಿಕ್ಷೆಯ ಮಾಫಿ, ಹೋಯ್ತಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ಇರು, ಮಿಕ್ಸಿ ಆಫ್ ಮಾಡ್ತೀನಿ.

ನೋಡು, ಎಲ್ಲರೂ ನಿವೇದನೆ ನಿವೇದನೆ ಅಂತ ಹೆದರ್ತಾರೆ, ಲೆಕ್ಕ ತಪ್ಪೋದು ಪರಮಪ್ರಸಾದದಲ್ಲಿ. ನಾನು ತಪ್ಪಿದ್ದೂ ಅಲ್ಲೇ. ನಿನ್ನ ದೊಡ್ಡಪ್ಪ ತೀರಿಕೊಂಡ ವರ್ಷ ನವೆಂಬರ್ 1ರಿಂದ 8ರ ತನಕ ಸಿಮೆಟ್ರಿಗೆ ಹೋಗಿ ಪ್ರಾರ್ಥಿಸಿದ್ರೆ ಸತ್ತವರಿಗೆ ಇಂಡಲ್ಜೆನ್ಸ್ ಸಿಗುತ್ತಲ್ಲ, ಅಂತ ಒಂದು ದಿನ ಬಿಡದೆ ವಿರಾಜಪೇಟೆ ಸಿಮೆಟ್ರಿಗೆ ಹೋದೆ. ಬೆಳಗ್ಗೆ ಆ ಮಂಜು, ಹುಲ್ಲಲ್ಲಿ ಜಿಗಣೆ, ಮೊಂಬತ್ತಿ ಗಾಳಿಗೆ ನಿಲ್ಲದೆ ನೀರಿನ ಬಾಟ್ಲಿ ಕತ್ತರಿಸಿ ಕವುಚಿ ಇಡ್ತಿದ್ದೆ. ಎಂಟು ದಿನಕ್ಕೆ ಎಂಟು ಪೂರ್ಣ ಇಂಡಲ್ಜೆನ್ಸ್, ಶಿಕ್ಷೆಯೆಲ್ಲ ಮಾಫಿ ಆಗೋದು, ಅಂತ ಬೆರಳು ಮಡಚಿ ಎಣಿಸಿದ್ದೇ ಎಣಿಸಿದ್ದು. ಪರಮಪ್ರಸಾದ ತಗೊಂಡಿದ್ದು ಒಂದೇ ದಿನ! ಸಿಕ್ಕಿದ್ದು ಒಂದೇ ಪೂರ್ಣ, ಮಿಕ್ಕಿದ್ದೆಲ್ಲ ಭಾಗಶಃ. ಭಾಗಶಃ ಅಂದ್ರೆ ಶಿಕ್ಷೆ ಸ್ವಲ್ಪ ಮಾತ್ರ ಮಾಫಿ, ಹಳೇ ಪ್ರಾರ್ಥನೆ ಪುಸ್ತಕದಲ್ಲಿ ಬರೆದಿರ್ತಿದ್ದ '300 ದಿನ'ದ ಇಂಡಲ್ಜೆನ್ಸ್ ಅಲ್ಲ, ಆ ದಿನದ ಲೆಕ್ಕ ಪೋಪ್ ಆರನೇ ಪೌಲರು 1967ರಲ್ಲೇ ತೆಗೆದುಹಾಕಿದ್ರು. ಒಂದು ನಿವೇದನೆ ಹಲವು ಇಂಡಲ್ಜೆನ್ಸ್‌ಗೆ ಸಾಕು ಪುಟ್ಟಿ, ಪರಮಪ್ರಸಾದ ಮಾತ್ರ ಒಂದೊಂದಕ್ಕೂ ಬೇರೆ. ದಿನಕ್ಕೆ ಒಂದೇ ಪೂರ್ಣ.

ಸಿಮೆಟ್ರಿ ಅಂದ್ಮೇಲೆ ಹೇಳಿಬಿಡ್ತೀನಿ. ಈ ಗ್ರೂಪಲ್ಲಿ ಇಷ್ಟು ಜನ ಇದ್ದೀರಿ, ಅಜ್ಜಿ ಸಮಾಧಿ ಮೇಲೆ ಲಂಟಾನ ಎದೆಮಟ್ಟ ಬೆಳೆದಾಗ ಕತ್ತಿ ಹಿಡಿದವರು ಯಾರು? ನಾನು, ತೋಟದ ಆಳು, ಇಬ್ಬರೇ. ನಿನ್ನ ಚಿಕ್ಕಪ್ಪ ಐನೂರು ರೂಪಾಯಿ ಫೋನ್‌ಪೇ ಮಾಡಿ, 'ನಮ್ಮ ಲೆಕ್ಕಕ್ಕೂ ಒಂದು ಇಂಡಲ್ಜೆನ್ಸ್ ಹಾಕಿ ಅತ್ತಿಗೆ' ಅಂತೆ! ದುಡ್ಡಿಗೆ ಇಂಡಲ್ಜೆನ್ಸ್ ಕೊಡೋದನ್ನ ಪೋಪ್ ಐದನೇ ಪಿಯೂಸ್ 1567ರಲ್ಲೇ ರದ್ದು ಮಾಡಿದ್ದಾರಪ್ಪ. ಬದುಕಿರೋ ಇನ್ನೊಬ್ಬರಿಗೆ ನಾನು ಗಳಿಸಿ ಕೊಡೋಕೂ ಬರಲ್ಲ. ಅದರಲ್ಲೂ ಸಿಮೆಟ್ರಿದು ಸತ್ತವರಿಗೆ ಮಾತ್ರ. ಹೋಗ್ಲಿ ಬಿಡು, ಚಿಕ್ಕ ಪಾಪಕ್ಕೂ ಮನಸ್ಸು ಅಂಟಿದ್ರೆ ಪೂರ್ಣ ಸಿಗಲ್ಲ, ಈ ಸಿಟ್ಟಲ್ಲಿ ಈ ವರ್ಷದ್ದೂ ನಂಗೆ ಭಾಗಶಃನೇ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ನಿವೇದನೆ ಅದೇ ದಿನ ಆಗಬೇಕಿಲ್ಲಮ್ಮ, ಹಿಂದೆ ಮುಂದೆ ಸುಮಾರು 20 ದಿನ ಅವಕಾಶ ಇದೆ. 22ರೊಳಗೆ ಮುಗಿಸ್ಕೋ. ಘೋರ ಪಾಪ ಇದ್ರೆ ಮಾತ್ರ ಮೊದಲು ನಿವೇದನೆ, ಆಮೇಲೆ ಪರಮಪ್ರಸಾದ. ಪೋಪ್ ಅವರ ಉದ್ದೇಶಗಳಿಗೆ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯ ಹೇಳಿದ್ಯಾ? ಇಲ್ಲಾಂದ್ರೆ ಇವತ್ತೇ ಹೇಳು. ಇವತ್ತಿನ್ನೂ 6, 8ರ ತನಕ ದಿನಕ್ಕೊಂದು ಗಳಿಸೋಕೆ ಅವಕಾಶ ಇದೆ. ಅಜ್ಜಿ ಸಮಾಧಿನೇ ಆಗಬೇಕಿಲ್ಲ, ಯಾವ ಸಿಮೆಟ್ರಿಯಾದ್ರೂ ಸರಿ, ನಿಂತು ಮನಸ್ಸಲ್ಲೇ ಸತ್ತವರಿಗಾಗಿ ಪ್ರಾರ್ಥಿಸಿದ್ರೂ ಆಯ್ತು. ಹೋದ ದಿನ ಪೂಜೆ ತಪ್ಪಿಸಬೇಡ, ಪರಮಪ್ರಸಾದ ಒಂದೊಂದಕ್ಕೂ ಬೇರೆ, ಹೇಳಿದ್ದೀನಿ. ಮೋಡ ಕಟ್ತು, ಸೌದೆ ಒಳಗೆ ಹಾಕ್ಬೇಕು, ಇಡ್ತೀನಿ.