ಮಸೆದು ಕೊಟ್ಟ ಪೀಶಕತ್ತಿಯಿಂದ ದೊಡ್ಡಮ್ಮನ ಬೆರಳು ಕೊಯ್ದುಹೋಯಿತು: ಇತರರ ಕತ್ತಿಗಳನ್ನು ಎಷ್ಟು ಹರಿತ ಮಾಡಿಕೊಡಬೇಕು?

ಪ್ರಶ್ನೆ: ಕತ್ತಿಯಣ್ಣ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಕಡೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಮೇಲೆ ಕಾಣುವ ಹೆಸರು ನಾನಾಗಿ ಇಟ್ಟುಕೊಂಡದ್ದಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಕಚೇರಿಯವರೂ ನೆಂಟರೂ ನನ್ನನ್ನು ಹಾಗೆಯೇ ಕರೆಯುತ್ತಾರೆ, ಈಚೆಗೆ ಸಾಲದ ಕಂತು ಕಟ್ಟಲು ಬರುವ ಸದಸ್ಯರು ಕೂಡ ಕೌಂಟರಿನ ಆಚೆ ನಿಂತು "ಕತ್ತಿಯಣ್ಣ ಇದ್ದಾರೆಯೇ?" ಎಂದು ವಿಚಾರಿಸುವುದುಂಟು.

ಹೆಸರು ಅಂಟಿಕೊಂಡದ್ದಕ್ಕೆ ಕಾರಣ ಇಲ್ಲದಿಲ್ಲ. ಅಜ್ಜ ತೋಟಕ್ಕೆ ಹೋಗುವಾಗ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಕತ್ತಿ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಊರಿನ ಆಚಾರಿ ಬಡಿದು ಕೊಟ್ಟ ಪೀಶಕತ್ತಿ (ತರಕಾರಿ ಹೆಚ್ಚುವ ಚಾಕು), ಗಲ್ಫಿನಲ್ಲಿರುವ ಭಾವ ತಂದುಕೊಟ್ಟ ಕೆಂಪು ಹಿಡಿಯ ವಿಕ್ಟೋರಿನಾಕ್ಸ್, ಕುತ್ತಿಗೆಯಲ್ಲಿ ತಿರುಗುವ ಉಂಗುರವಿರುವ ಫ್ರಾನ್ಸಿನ ಒಪಿನೆಲ್, ಹೀಗೆ ಎಲ್ಲ ಸೇರಿ ನನ್ನ ಬಳಿ 14 ಇವೆ. ಒಂದು ವರ್ಷ ಕಚೇರಿಗೆ ಕ್ಯಾಲೆಂಡರಿನ ಕಟ್ಟು ಬಂದಾಗ ಕತ್ತರಿ ಸಿಗದೆ ಎಲ್ಲರೂ ಹುಡುಕಾಡುತ್ತಿದ್ದರು. ನಾನು ಕಿಸೆಯಿಂದ ವಿಕ್ಟೋರಿನಾಕ್ಸ್ ತೆಗೆದು ಪ್ಲಾಸ್ಟಿಕ್ ಪಟ್ಟಿಯನ್ನು ಕೊಯ್ದುಕೊಟ್ಟೆ. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಮಾತ್ರ ನನ್ನ ನಿಜವಾದ ಹೆಸರು ಉಳಿದಿದೆ.

ತಪ್ಪು ನನ್ನದೂ ಇದೆ. ಯಾರಾದರೂ ಚಾಕು ಎಂದರೆ ಸಾಕು, ವಿಕ್ಟೋರಿನಾಕ್ಸ್ ಕಂಪನಿಯ ಸ್ಥಾಪಕ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಸ್ವಿಸ್ ಅಧಿಕಾರಿಗಳ ಚಾಕುವಿನಿಂದ ಆರಂಭಿಸಿ, ನಮ್ಮ 'ಉಕ್ಕು' ಎಂಬ ಪದವೇ ಇಂಗ್ಲಿಷರ ಬಾಯಿಯಲ್ಲಿ 'ವೂಟ್ಸ್' (ದಕ್ಷಿಣ ಭಾರತದ ಹೆಸರಾಂತ ಉಕ್ಕು) ಆಯಿತೆಂದು ಹೆಚ್ಚಿನ ವಿದ್ವಾಂಸರು ಹೇಳುವುದನ್ನೂ, ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಆ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಪ್ರಯೋಗ ನಡೆಸಿದ್ದನ್ನೂ ಹೇಳಿ ಮುಗಿಸುವ ತನಕ ನಾನು ನಿಲ್ಲುವುದಿಲ್ಲ. ಕೇಳಿದವರು ಫ್ಯಾರಡೆಯನ್ನು ಮರೆಯುತ್ತಾರೆ, ಮನೆಯಲ್ಲಿರುವ ಮೊಂಡು ಕತ್ತಿಯನ್ನು ನೆನಪಿಸಿಕೊಳ್ಳುತ್ತಾರೆ. ಮರುವಾರ ಅದು ಪತ್ರಿಕೆಯ ಹಾಳೆಯಲ್ಲಿ ಸುತ್ತಿಸಿಕೊಂಡು ನನ್ನ ಮೇಜಿನ ಮೇಲೆ ಬಂದು ಕೂತಿರುತ್ತದೆ. ಜಂಬರದ (ಮದುವೆ, ಮುಂಜಿಯಂತಹ ಸಮಾರಂಭದ) ಮನೆಗಳಲ್ಲಿಯೂ ಅದೇ ಕತೆ. ಮುನ್ನಾದಿನ ಸಂಜೆ ಮೇಲಾರಕ್ಕೆ (ಮಜ್ಜಿಗೆ ಹುಳಿಗೆ) ಕೊರೆಯಲು ಎಲ್ಲರೂ ಚಪ್ಪರದಡಿ ಸೇರಿ ಹರಟೆ ಹೊಡೆಯುತ್ತ ಕುಂಬಳಕಾಯಿ ಕೊರೆಯುತ್ತಿದ್ದರೆ, ನಾನು ಬಾವಿಕಟ್ಟೆಯ ಬಳಿ ಮಸೆಗಲ್ಲಿನ ಮುಂದೆ ಒಬ್ಬನೇ ಕುಳಿತಿರುತ್ತೇನೆ. ಇದರಲ್ಲಿ ನನಗೆ ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆಯೇ ಇತ್ತು.

ಕಳೆದ ತಿಂಗಳು ದೊಡ್ಡಮ್ಮ ತಮ್ಮ ಇಪ್ಪತ್ತು ವರ್ಷ ಹಳೆಯ ಸ್ಟೀಲಿನ ಪೀಶಕತ್ತಿಯನ್ನು ಕೊಟ್ಟುಕಳುಹಿಸಿದರು. ಬದನೆಕಾಯಿಯ ಸಿಪ್ಪೆಯ ಮೇಲೂ ಜಾರುವಷ್ಟು ಅದರ ಬಾಯಿ ಹೋಗಿತ್ತು. ನಾನು ಅದನ್ನು ಮೊದಲು ಕಾರ್ಬೊರಂಡಂ ಕಲ್ಲಿನಲ್ಲಿ, ಆಮೇಲೆ 1000 ಮತ್ತು 3000 ಗ್ರಿಟ್‌ನ (ಸಂಖ್ಯೆ ಏರಿದಷ್ಟೂ ಕಲ್ಲು ನಯ) ನೀರುಕಲ್ಲುಗಳಲ್ಲಿ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಎಳೆದು, ಮುಂಗೈಯ ರೋಮ ಬೋಳಿಸುವಷ್ಟು ಹರಿತ ಮಾಡಿ ಹಿಂದಿರುಗಿಸಿದೆ. ಮರುದಿನ ಬೆಳಗ್ಗೆ ಅವರು ಎಂದಿನಂತೆ ಬಾಳೆಕಾಯಿಯನ್ನು ಕೈಯಲ್ಲಿಯೇ ಹಿಡಿದು ಹೆಬ್ಬೆರಳಿನ ಕಡೆಗೆ ಕೊಯ್ದಾಗ ಕತ್ತಿ ಬಾಳೆಕಾಯಿಯಲ್ಲಿ ನಿಲ್ಲದೆ ಬೆರಳಿಗೇ ಹೋಯಿತು. ಮೂರು ಹೊಲಿಗೆ ಬಿತ್ತು. ದೊಡ್ಡಮ್ಮ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅವರ ಪರವಾಗಿ ಕುಟುಂಬದ ಉಳಿದವರೆಲ್ಲ ಅಂದಿದ್ದಾರೆ. ನನ್ನ ಹೆಂಡತಿಯಂತೂ ಮಸೆಗಲ್ಲುಗಳನ್ನು ಅಟ್ಟಕ್ಕೆ ಹಾಕಲು ಹೇಳಿಬಿಟ್ಟಿದ್ದಾಳೆ.

ಕತ್ತಿ ಮಸೆಯುವ ಹವ್ಯಾಸವಿರುವ ಇತರರೂ ಇಲ್ಲಿ ಇದ್ದೀರೆಂದು ಕೇಳುತ್ತಿದ್ದೇನೆ. ಬೇರೆಯವರ ಕತ್ತಿಯನ್ನು ನಾವು ನಮ್ಮ ಕತ್ತಿಯಷ್ಟೇ ಹರಿತ ಮಾಡಿ ಕೊಡುವುದು ಸರಿಯೇ? ಅಥವಾ ಬೇಕೆಂದೇ ಸ್ವಲ್ಪ ಕಡಿಮೆ ಮಾಡಿ ಕೊಡಬೇಕೆ? ಇಷ್ಟು ವರ್ಷ ಇಲ್ಲ ಎನ್ನದವನು ಈಗ ಒಮ್ಮೆಲೇ ಇಲ್ಲ ಎಂದರೆ ಜನ ಏನೆಂದುಕೊಂಡಾರು ಎಂಬ ಅಳುಕೂ ಇದೆ.

ಉತ್ತರ: ಹಳೆಕುಲುಮೆ (ಮುಳ್ಳೇರಿಯ)

ನನ್ನ ತಂದೆಯವರು ಕುಲುಮೆ ನಡೆಸುತ್ತಿದ್ದರು. ನಾನು ಗೇಟು, ಗ್ರಿಲ್ಲುಗಳ ವೆಲ್ಡಿಂಗ್ ಕೆಲಸಕ್ಕೆ ಇಳಿದವನು. ಆದರೂ ಎಂಟು ಹತ್ತು ವರ್ಷ ತಿದಿಯ ಬಳಿ ಕುಳಿತವನಾದ್ದರಿಂದ ಇದಕ್ಕೆ ಉತ್ತರಿಸುವ ಧೈರ್ಯ ಮಾಡುತ್ತೇನೆ.

ಯಾರಾದರೂ ಕತ್ತಿ ತಂದಿಟ್ಟರೆ ತಂದೆಯವರು ಕತ್ತಿಯನ್ನು ನೋಡುವ ಮೊದಲು "ಯಾರ ಕೈಗೆ?" ಎಂದು ಕೇಳುತ್ತಿದ್ದರು. ಸೊಪ್ಪು ಕಡಿಯುವವನ ಕತ್ತಿಗೆ ಒಂದು ಬಾಯಿ, ತೆಂಗಿನಕಾಯಿ ಕೆತ್ತುವವನ ಕತ್ತಿಗೆ ಇನ್ನೊಂದು, ಅಡುಗೆಮನೆಯ ಪೀಶಕತ್ತಿಗೆ ಮತ್ತೊಂದು. ಗಟ್ಟಿ ಮರಕ್ಕೆ ಬೀಳುವ ಕತ್ತಿಯ ಬಾಯಿಯನ್ನು ತೆಳ್ಳಗೆ ಮಾಡಿದರೆ ಅದು ಮೊದಲ ದಿನವೇ ಮುಕ್ಕಾಗುತ್ತದೆ, ತರಕಾರಿಯ ಕತ್ತಿಗೆ ದಪ್ಪ ಬಾಯಿ ಇಟ್ಟರೆ ಅದು ಕೊಯ್ಯುವುದರ ಬದಲು ಸೀಳುತ್ತದೆ. ನೀವು ಕತ್ತಿಯನ್ನು ಕೇಳಿದಿರಿ, ಕೈಯನ್ನು ಕೇಳಲಿಲ್ಲ ಎಂದು ನನಗೆ ತೋರುತ್ತದೆ.

ದೊಡ್ಡಮ್ಮನವರ ಬೆರಳು ಕೊಯ್ದುಹೋದದ್ದು ಹರಿತದಿಂದ ಎನ್ನುವುದಕ್ಕಿಂತ, ಹರಿತ ಒಮ್ಮೆಲೇ ಬದಲಾದದ್ದರಿಂದ ಎಂದರೆ ಹೆಚ್ಚು ಸರಿಯಾದೀತು. ಇಪ್ಪತ್ತು ವರ್ಷಗಳಲ್ಲಿ ಕತ್ತಿ ಮೊಂಡಾಗುತ್ತಾ ಬಂದಂತೆ ಕೈಯ ಒತ್ತಡ ಅವರಿಗೇ ಅರಿವಿಲ್ಲದೆ ಏರುತ್ತಾ ಬಂದಿರುತ್ತದೆ. ಕತ್ತಿ ಒಂದು ರಾತ್ರಿಯಲ್ಲಿ ಹೊಸದಾಯಿತು, ಕೈ ಹಳೆಯದೇ ಉಳಿಯಿತು. ಮೊಂಡು ಕತ್ತಿಯೇ ಸುರಕ್ಷಿತ ಎಂದು ಇದರಿಂದ ಯಾರೂ ತಿಳಿಯಬಾರದು. ಬಲ ಹಾಕಿ ಒತ್ತುವಾಗ ಟೊಮೆಟೊದ ಮೇಲಿನಿಂದ ಜಾರುವುದು ಮೊಂಡು ಕತ್ತಿಯೇ, ಅದು ಮಾಡುವ ಗಾಯವೂ ಒರಟಾಗಿರುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಮನೆಬಳಕೆಯ ಸಾಧಾರಣ ಸ್ಟೀಲಿಗೆ ಒಂದೊಂದು ಮಗ್ಗುಲಿಗೆ ಸುಮಾರು 20 ಡಿಗ್ರಿ ಕೋನ ಸಾಕು, ಅದಕ್ಕಿಂತ ತೆಳ್ಳಗೆ ಮಾಡಿದರೂ ಆ ಬಾಯಿ ಹೆಚ್ಚು ದಿನ ನಿಲ್ಲುವುದಿಲ್ಲ. 1000 ಗ್ರಿಟ್‌ನ ಕಲ್ಲಿನಲ್ಲಿಯೇ ನಿಲ್ಲಿಸಿ. ಆ ಕಲ್ಲು ಬಿಟ್ಟುಹೋಗುವ, ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳೇ ಟೊಮೆಟೊದ ಸಿಪ್ಪೆಗೂ ತೊಂಡೆಕಾಯಿಗೂ ಬೇಕಾದದ್ದು. 3000ದ ಕಲ್ಲು, ಬೆಲ್ಟು ಇವೆಲ್ಲ ನಮ್ಮ ಸಂತೋಷಕ್ಕೆ. ಹಿಡಿಯ ಪಕ್ಕದ ಅರ್ಧ ಇಂಚು ಅಲಗನ್ನು ಮಸೆಯದೆ ಬಿಡಿ, ಏಕೆಂದರೆ ಕೈಯಲ್ಲಿ ಹಿಡಿದು ಕೊಯ್ಯುವವರ ತೋರುಬೆರಳು ಅಲ್ಲಿಗೇ ಬಂದು ಕೂರುತ್ತದೆ. ಮೊನೆಯನ್ನು ಅರದಿಂದ ಒಂದೆರಡು ಸಲ ಎಳೆದು ಸ್ವಲ್ಪ ಗುಂಡಗೆ ಮಾಡಿ. ಇವು ಯಾವುವೂ ಕತ್ತಿಯನ್ನು ಕೆಡಿಸುವುದಿಲ್ಲ. ವಿದ್ಯುತ್ ಚಕ್ರಕ್ಕೆ ಮಾತ್ರ ಕೊಡಬೇಡಿ. ಅಂಚು ಬಿಸಿಯಾಗಿ ಗೋಧಿಹುಲ್ಲಿನ ಬಣ್ಣ ದಾಟಿ ನೀಲಿಗೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲಪಿತೆಂದು ಅರ್ಥ. ಊರಿನ ಆಚಾರಿ ಬಡಿದ ಕತ್ತಿಯಾದರೆ ಅಲ್ಲಿಗೆ ಅದರ ಹದ ಹೋಯಿತು, ಮತ್ತೆ ಎಷ್ಟು ಮಸೆದರೂ ವಾರದಲ್ಲಿ ಮೊಂಡಾಗುತ್ತದೆ.

ಉತ್ತರ: ಉಪ್ಪಳದ ಅಕ್ಕ

ಮೇಲಿನವರು ಹೇಳಿದ ಕೋನ, ಕಲ್ಲುಗಳ ಲೆಕ್ಕ ನನಗೆ ತಿಳಿಯದು. ಆದರೆ ನಮ್ಮ ಮನೆಯಲ್ಲಿಯೂ ನಿಮ್ಮಂತಹ ಒಬ್ಬರು ಇದ್ದಾರೆ, ಅವರನ್ನು ಮದುವೆಯಾಗಿ 26 ವರ್ಷವಾಯಿತು. ಆ ಅರ್ಹತೆಯಿಂದ ಬರೆಯುತ್ತಿದ್ದೇನೆ.

ಬೇಕೆಂದೇ ಅರೆ ಹರಿತ ಮಾಡಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಅಡುಗೆಮನೆಯಲ್ಲಿ ನಿಂತ ಹೆಂಗಸಿಗೆ ಒಳ್ಳೆಯ ಕತ್ತಿ ಹಿಡಿಯುವ ಯೋಗ್ಯತೆ ಇಲ್ಲವೆಂದು ನೀವೇ ತೀರ್ಮಾನಿಸಿದಂತಾಗುತ್ತದೆ. ನಿಮ್ಮ ದೊಡ್ಡಮ್ಮನವರು ಕೇಳಿದ್ದು ಕೊಯ್ಯುವ ಕತ್ತಿಯನ್ನು, ನೀವು ಕೊಟ್ಟದ್ದೂ ಅದನ್ನೇ. ತಪ್ಪಿದ್ದು ಅದನ್ನು ಕೊಟ್ಟುಕಳುಹಿಸಿದ್ದರಲ್ಲಿ. ನೀವೇ ತೆಗೆದುಕೊಂಡು ಹೋಗಿ, ಅವರ ಎದುರು ಒಂದು ಟೊಮೆಟೊವನ್ನು ಮಣೆಯ ಮೇಲಿಟ್ಟು, ಒತ್ತದೆ ಬರಿದೇ ಎಳೆದು ತೋರಿಸಿದ್ದರೆ ಅವರ ಕೈಗೆ ಅದರ ತೂಕ ತಿಳಿಯುತ್ತಿತ್ತು.

ನಮ್ಮ ಕಡೆಯ ಹೆಂಗಸರ ಕೈಗೆ ಮೊದಲು ಒಗ್ಗಿದ್ದು ಮೆಟ್ಟುಕತ್ತಿ (ಈಳಿಗೆಮಣೆ) ಎಂಬುದನ್ನೂ ನೆನಪಿಡಬೇಕು. ಅದರಲ್ಲಿ ಅಲಗು ಅಲುಗುವುದಿಲ್ಲ, ತರಕಾರಿಯನ್ನು ಎರಡೂ ಕೈಗಳಿಂದ ಹಿಡಿದು ಅಲಗಿನ ಮೇಲೆ ತಳ್ಳುತ್ತೇವೆ, ಆದ್ದರಿಂದ ಬೆರಳು ಎಲ್ಲಿದೆ ಎಂಬ ಅಂದಾಜು ಸದಾ ಇರುತ್ತದೆ. ಪೀಶಕತ್ತಿ ಬಂದ ಮೇಲೆ ಅಲಗು ಕೈಗೆ ಬಂತು, ಕೊಯ್ಯುವ ಮಣೆ ಮಾತ್ರ ಬಹಳ ಮನೆಗಳಿಗೆ ಬರಲಿಲ್ಲ. ಹೆಬ್ಬೆರಳನ್ನೇ ಮಣೆ ಮಾಡಿಕೊಂಡವರು ನಾವು. ನಾನು ಮರದ ಮಣೆಗೆ ಹೊಂದಿಕೊಳ್ಳಲು ಎರಡು ತಿಂಗಳು ಹಿಡಿಯಿತು, ಈಗ ಅದಿಲ್ಲದೆ ಬೀನ್ಸ್ ಕೂಡ ಹೆಚ್ಚಲಾರೆ. ಗಾಜಿನ ಮಣೆಯೂ ಗ್ರಾನೈಟ್ ಕಟ್ಟೆಯೂ ಬೇಡ ಎಂದು ನಮ್ಮ ಯಜಮಾನರು ದಿನಕ್ಕೆ ಎರಡು ಸಲ ಹೇಳುತ್ತಾರೆ, ಅವುಗಳ ಮೇಲೆ ಕೊಯ್ದರೆ ಕತ್ತಿಯ ಬಾಯಿ ಹಾಳಾಗುತ್ತದಂತೆ.

ಇನ್ನೊಂದು ಮಾತು. ನಮ್ಮ ಅತ್ತೆಯವರು ಕತ್ತಿಯನ್ನು ಕೈಯಿಂದ ಕೈಗೆ ಕೊಡಲು ಬಿಡುತ್ತಿರಲಿಲ್ಲ, ಕೊಟ್ಟರೆ ಜಗಳವಾಗುತ್ತದೆಂದು ಅವರ ನಂಬಿಕೆ. ಕೆಳಗಿಡಬೇಕು, ಬೇಕಾದವರು ಹಿಡಿ ನೋಡಿ ಎತ್ತಿಕೊಳ್ಳಬೇಕು. ಜಗಳದ ವಿಷಯ ನಾನರಿಯೆ, ಆದರೆ ಹಾಗೆ ಕೆಳಗಿಟ್ಟು ಎತ್ತಿಕೊಳ್ಳುವ ಒಂದು ಕ್ಷಣದಲ್ಲಿ ಕಣ್ಣು ಅಲಗಿನ ಮೇಲೆ ಬೀಳುತ್ತದೆ.

ಉತ್ತರ: ಕುಂಬಳೆ ಪ್ಯಾಸೆಂಜರ್

ವಿಷಯಕ್ಕೆ ಹೊಂದಿಕೊಂಡೇ ಒಂದು ಎಚ್ಚರಿಕೆ. ಸಹೋದ್ಯೋಗಿಗಳ ಕತ್ತಿಗಳನ್ನು ತಾವು ಕಚೇರಿಯಿಂದ ಮನೆಗೂ ಮನೆಯಿಂದ ಕಚೇರಿಗೂ ಬಸ್ಸಿನಲ್ಲಿ ಒಯ್ಯುತ್ತಿರಬಹುದು. 1959ರ ಆಯುಧ ಕಾಯಿದೆಯು ಮನೆಬಳಕೆಗೂ ಕೃಷಿಗೂ ಎಂದೇ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ಅದರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಅಲ್ಲಿಯೂ ಮನೆ, ಕೃಷಿ, ಕೈಗಾರಿಕೆಯ ಬಳಕೆಯವಕ್ಕೆ ವಿನಾಯಿತಿ ಇದೆ. ಆದರೂ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದಿಂದ ನಾಲ್ಕು ಹರಿತವಾದ ಕತ್ತಿಗಳು ಹೊರಬಿದ್ದರೆ ಅಲ್ಲಿ ಕಾಯಿದೆಯ ವ್ಯಾಖ್ಯೆ ಓದಿ ಹೇಳಲು ಸಮಯ ಸಿಗಲಾರದು. ಪತ್ರಿಕೆಯ ಹಾಳೆ ಸಾಲದು. ದಪ್ಪ ರಟ್ಟನ್ನು ಮಡಚಿ ಒರೆಯ ಹಾಗೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ಅದೇ ಒರೆ ದೊಡ್ಡಮ್ಮನವರ ಡ್ರಾವರಿನಲ್ಲಿಯೂ ಕೆಲಸಕ್ಕೆ ಬರುತ್ತದೆ. ವಿಕ್ಟೋರಿನಾಕ್ಸ್ ಕಿಸೆಯಲ್ಲಿದ್ದದ್ದು ಮರೆತು ನಾನು ಮಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಕಳೆದುಕೊಂಡೆ, ಚೆಕ್-ಇನ್ ಚೀಲದಲ್ಲಿ ಹಾಕಿದ್ದರೆ ಉಳಿಯುತ್ತಿತ್ತು.

ಪ್ರತಿಕ್ರಿಯೆ: ಕತ್ತಿಯಣ್ಣ (ಬದಿಯಡ್ಕ)

ಮೂವರಿಗೂ ಕೃತಜ್ಞತೆಗಳು. ಹಳೆಕುಲುಮೆಯವರ "ಯಾರ ಕೈಗೆ?" ಎಂಬ ಮಾತು ಮನಸ್ಸಿಗೆ ನಾಟಿತು. ನಾನು ಇಷ್ಟು ವರ್ಷ ಮಸೆದದ್ದೆಲ್ಲ ನನ್ನ ಕೈಗೆ, ಅದನ್ನು ಒಯ್ದವರು ಬೇರೆಯವರು. ರೋಮ ಬೋಳಿಸಿ ತೋರಿಸುವುದು ನನ್ನ ಸಂತೋಷಕ್ಕೇ ಹೊರತು ಬಾಳೆಕಾಯಿಗೆ ಅದರಿಂದ ಏನೂ ಆಗಬೇಕಾದ್ದಿರಲಿಲ್ಲ.

ಅಕ್ಕನ ಮಾತನ್ನೂ ತಳ್ಳಿಹಾಕಲಾರೆನಾದ್ದರಿಂದ ಎರಡನ್ನೂ ಮಾಡಿದೆ. ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿ ಅದೇ ಪೀಶಕತ್ತಿಯನ್ನು ಅವರ ಎದುರೇ 1000ದ ಕಲ್ಲಿನಲ್ಲಿ ತಿದ್ದಿ, ಹಿಡಿಯ ಪಕ್ಕದ ಅಲಗನ್ನು ಸವರಿ ಮೊಂಡು ಮಾಡಿ, ಹಲಸಿನ ಮರದ ಒಂದು ಮಣೆಯನ್ನೂ ಕೊಟ್ಟುಬಂದೆ. ಅವರು ಮಣೆಯನ್ನು ತಿರುವಿ ನೋಡಿ, ಚಪಾತಿ ಲಟ್ಟಿಸಲು ಚೆನ್ನಾಗಿದೆ ಎಂದರು. ಕತ್ತಿಯನ್ನು ಒರೆಯ ಸಮೇತ ಸೊಸೆಯ ಕೈಗೆ ದಾಟಿಸಿ, ಅಟ್ಟದಿಂದ ತಮ್ಮ ಹಳೆಯ ಮೆಟ್ಟುಕತ್ತಿಯನ್ನು ಇಳಿಸಿ ತಂದು ನನ್ನ ಮುಂದೆ ಜಗಲಿಯಲ್ಲಿಟ್ಟು, "ಇದನ್ನು ಮಾತ್ರ ನಿನಗೆ ಬೇಕಾದಷ್ಟು ಹರಿತ ಮಾಡು ಮಗ" ಎಂದರು.

ಈಗ ಅದು ನನ್ನ ಮನೆಯಲ್ಲಿದೆ. ಅದರ ಬಾಯಿ ಒಳಕ್ಕೆ ಬಾಗಿರುವುದರಿಂದ ನನ್ನ ಚಪ್ಪಟೆ ಕಲ್ಲುಗಳಲ್ಲಿ ಒಂದೂ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಕುಲುಮೆಯವರೇ, ಇದಕ್ಕೆ ಏನನ್ನು ಬಳಸಲಿ?

ಉತ್ತರ: ಹಳೆಕುಲುಮೆ (ಮುಳ್ಳೇರಿಯ)

ತುಕ್ಕು ಹಿಡಿದಿದ್ದರೆ ಮೊದಲು ಒಂದು ರಾತ್ರಿ ತೆಂಗಿನೆಣ್ಣೆ ಹಚ್ಚಿಡಿ. ಮುಕ್ಕುಗಳಿದ್ದರೆ ಒಂದು ಮಗ್ಗುಲು ಉಬ್ಬಿರುವ ಅರೆಗುಂಡು ಅರದಿಂದ ಸರಿಮಾಡಿ, ಆಮೇಲೆ ಹೆಬ್ಬೆರಳಿನಷ್ಟು ದಪ್ಪದ ಬಿದಿರಿನ ತುಂಡಿಗೆ 400ರ, ಬಳಿಕ 1000ದ ಎಮರಿ ಪೇಪರನ್ನು ಬಿಗಿಯಾಗಿ ಸುತ್ತಿ, ಬಾಗಿದ ಅಲಗಿನ ಉದ್ದಕ್ಕೂ ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮಣೆಯನ್ನು ಮೆಟ್ಟಿ ಕುಳಿತೇ ಮಾಡಿ, ಬೇರೆ ಯಾರಿಂದಲೂ ಹಿಡಿಸಬೇಡಿ. ಮಣೆಗೆ ಅಲಗು ಕೂತಿರುವಲ್ಲಿ ಸಡಿಲವಾಗಿದೆಯೇ ಎಂದು ಮಸೆಯುವ ಮೊದಲೇ ನೋಡಿಕೊಳ್ಳಿ. ಅಟ್ಟದಲ್ಲಿ ಬಹಳ ಕಾಲ ಇದ್ದವುಗಳಲ್ಲಿ ಮರ ಒಣಗಿ ಅಲಗು ಅಲ್ಲಾಡುವುದುಂಟು, ಹಾಗಿದ್ದರೆ ಒಂದು ಸಣ್ಣ ಬೆಣೆ ಹೊಡೆದ ಮೇಲೆಯೇ ಕಾಗದ ಮುಟ್ಟಿಸಿ.